ಆರು ಕ್ರೇಟ್, ಆರು ತಳಿ: ತಾರಸಿಯ ಸ್ವಿಸ್ ಚಾರ್ಡ್ ದಿನಚರಿ

ನಮ್ಮ ಅತ್ತೆ ಸೊಪ್ಪು ಕೊಳ್ಳುವಾಗ ಮೊದಲು ಎಲೆಯನ್ನು ನೋಡುವುದಿಲ್ಲ. ಕಟ್ಟನ್ನು ತಲೆಕೆಳಗು ಮಾಡಿ ದಂಟಿನ ಬುಡಕ್ಕೆ ಹೆಬ್ಬೆರಳಿನ ಉಗುರು ಒತ್ತುತ್ತಾರೆ. ಉಗುರು ಸಲೀಸಾಗಿ ಇಳಿದರೆ ಸೊಪ್ಪು ಎಳೆಯದು. ಇಳಿಯದಿದ್ದರೆ ಆ ಕಟ್ಟು ಮರಳಿ ಬುಟ್ಟಿಗೆ. ಕಳೆದ ಆಗಸ್ಟ್‌ನಿಂದ ಈ ಮಾರ್ಚ್‌ವರೆಗೆ ಬೆಂಗಳೂರಿನ ಹನುಮಂತನಗರದ ನಮ್ಮ ತಾರಸಿಯಲ್ಲಿ ಸ್ವಿಸ್ ಚಾರ್ಡ್‌ನ ಐದು ತಳಿಗಳನ್ನೂ ಜೊತೆಗೆ ಒಂದು ಪಾಲಕ್ ತಳಿಯನ್ನೂ ಪಕ್ಕಪಕ್ಕದಲ್ಲಿ ಬೆಳೆದು ನೋಡಿದೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವ ಹೊತ್ತಿಗೆ ನಾನೂ ಬಣ್ಣ ನೋಡುವುದನ್ನು ಬಿಟ್ಟು ದಂಟಿಗೇ ಉಗುರು ಒತ್ತುತ್ತಿದ್ದೆ.

ಮೊದಲು ಒಂದು ವಿಷಯ ಸ್ಪಷ್ಟಪಡಿಸಬೇಕು. ಸ್ವಿಸ್ ಚಾರ್ಡ್ ಎಂದರೆ ದುಬಾರಿ ಅಂಗಡಿಗಳ ತಣ್ಣನೆಯ ಕಪಾಟಿನಲ್ಲಿ ಮಲಗಿರುವ ವಿದೇಶಿ ಸೊಪ್ಪು ಎಂದು ನಾನೂ ಅಂದುಕೊಂಡಿದ್ದೆ. ಅದು ಬೀಟ್‌ರೂಟ್‌ನ ಜಾತಿಯೇ. ಬೀಟಾ ವಲ್ಗಾರಿಸ್ ಎಂಬ ಒಂದೇ ಜಾತಿಯಲ್ಲಿ ಗಡ್ಡೆಗಾಗಿ ಆರಿಸಿ ಬೆಳೆಸಿದ್ದು ಬೀಟ್‌ರೂಟ್ ಆಯಿತು, ಎಲೆ ಮತ್ತು ದಂಟಿಗಾಗಿ ಆರಿಸಿದ್ದು ಚಾರ್ಡ್ ಆಯಿತು. ನಮ್ಮ ಊರಿನಲ್ಲಿ ಪಾಲಕ್ ಎಂದು ಕಟ್ಟು ಕಟ್ಟಿ ಮಾರುವುದೂ ಬಹುತೇಕ ಇದೇ ಬೀಟಾ ಜಾತಿಯ ಸೊಪ್ಪು. ಯುರೋಪಿನವರು ಸ್ಪಿನಾಚ್ ಎನ್ನುವ ಗಿಡ ಬೇರೆಯದೇ. ಹಾಗಾಗಿ ಪಾಲಕ್ ಬೆಳೆಯಬಲ್ಲವರು ಯಾರೂ ಚಾರ್ಡ್‌ಗೆ ಹೆದರಬೇಕಿಲ್ಲ. ಹೆಸರಿನಲ್ಲಿ ಸ್ವಿಸ್ ಇದ್ದರೂ ಇದರ ಕಾಡು ಪೂರ್ವಜ ಸಮುದ್ರತೀರದ ಗಿಡ. ಚಾರ್ಡ್ ಬೇಸಾಯದ ಬೇರು ಮೆಡಿಟರೇನಿಯನ್ ತೀರದಲ್ಲಿದೆ. ಈ ಸಮುದ್ರದ ಸಂಗತಿ ಮುಂದೆ ನಮ್ಮ ಬೋರ್‌ವೆಲ್ ನೀರಿನ ವಿಚಾರದಲ್ಲಿ ಉಪಯೋಗಕ್ಕೆ ಬಂತು.

ಜುಲೈ ಕೊನೆಯ ವಾರ. ಹಿಂದಿನ ಮಳೆಗಾಲದಲ್ಲಿ ತಾರಸಿ ಸೋರಿ ಮಲಗುವ ಕೋಣೆಯ ಮೂಲೆ ಕಪ್ಪಾಗಿತ್ತು. ಗ್ರೋ ಬ್ಯಾಗ್‌ಗಳನ್ನು ನೇರವಾಗಿ ನೆಲದ ಮೇಲಿಟ್ಟು ವರ್ಷಗಟ್ಟಲೆ ನೀರು ಹಾಕಿದ್ದೇ ಅದಕ್ಕೆ ಕಾರಣ. ಜೂನ್‌ನಲ್ಲಿ ತಾರಸಿಗೆ ಹೊಸದಾಗಿ ಜಲನಿರೋಧಕ ಲೇಪ ಹಾಕಿಸಿದ್ದೆವು. ಇನ್ನು ಮೇಲೆ ಮಣ್ಣಿರುವ ಯಾವ ವಸ್ತುವನ್ನೂ ನೆಲಕ್ಕೆ ತಾಗಿಸಬೇಡಿ ಎಂದು ಗಾರೆ ಕೆಲಸದವರು ಕಟ್ಟುನಿಟ್ಟಾಗಿ ಹೇಳಿ ಹೋಗಿದ್ದರು. ಅಟ್ಟದ ಮೇಲೆ ಬಿಚ್ಚಿಟ್ಟಿದ್ದ ಆರಡಿ ಉದ್ದ, ಮೂರಡಿ ಅಗಲದ ಕಬ್ಬಿಣದ ಮಂಚವನ್ನು ಕೆಳಗಿಳಿಸಿ, ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಬಳಿದೆವು. ಸಿದ್ಧವಾದ ಮಂಚವನ್ನು ಗೋಡೆಯ ನೇರಕ್ಕೆ, ಕೆಳಗೆ ತೊಲೆ ಹಾದುಹೋಗುವ ಕಡೆ ಇಟ್ಟೆವು. ಮಂಚದ ಕಾಲುಗಳು ಹೊಸ ಲೇಪಕ್ಕೆ ಚುಚ್ಚಿಕೊಳ್ಳದಂತೆ ಪ್ರತಿ ಕಾಲಿನ ಕೆಳಗೆ ಒಂದು ಗ್ರಾನೈಟ್ ತುಂಡು, ಅದರ ಕೆಳಗೆ ಹಳೆಯ ಟೈರ್ ಟ್ಯೂಬಿನ ರಬ್ಬರ್.

ಕೆ.ಆರ್. ಮಾರುಕಟ್ಟೆಯ ಹಿಂಬದಿಯಲ್ಲಿ ತರಕಾರಿ ತುಂಬುವ ಹಳೆಯ ಪ್ಲಾಸ್ಟಿಕ್ ಕ್ರೇಟ್‌ಗಳು ಸಿಗುತ್ತವೆ. ಆರು ತಂದೆ. ಒಳಗಡೆ ಸುಮಾರು 50 ಸೆಂಟಿಮೀಟರ್ ಉದ್ದ, 33 ಅಗಲ, 28 ಆಳ. ಸುತ್ತಲೂ ಕಿಂಡಿಗಳಿರುವುದರಿಂದ ನೀರು ನಿಲ್ಲುವ ಮಾತೇ ಇಲ್ಲ, ಆದರೆ ಮಣ್ಣೂ ನಿಲ್ಲುವುದಿಲ್ಲ. ಹಸಿರು ಶೇಡ್ ನೆಟ್ಟನ್ನು ಎರಡು ಪದರ ಮಾಡಿ ಒಳಗೆ ಹಾಸಿ, ಅಂಚನ್ನು ತೆಳುವಾದ ತಂತಿಯಿಂದ ಕ್ರೇಟಿಗೆ ಹೊಲಿದೆ. ಒಂದೊಂದು ಕ್ರೇಟಿಗೆ 40 ಲೀಟರ್‌ನಷ್ಟು ಮಿಶ್ರಣ ಹಿಡಿಯಿತು. ಕೆಂಪು ಮಣ್ಣು, ಎರೆಹುಳು ಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೂರೂ ಸಮಪಾಲು. ಕ್ರೇಟಿಗೆ ಎರಡು ಹಿಡಿ ಬೇವಿನ ಹಿಂಡಿ. ಐದು ಕಿಲೋ ತೂಕದ ಒಂದು ಕೋಕೋಪೀಟ್ ಇಟ್ಟಿಗೆ ನೆನೆದು ಉಬ್ಬಿದರೆ ಆರೂ ಕ್ರೇಟಿಗೆ ಸಾಕು. ಅದನ್ನು ಎರಡು ನೀರಿನಲ್ಲಿ ತೊಳೆದು ಹಿಂಡಿಯೇ ಹಾಕಬೇಕು, ಇಲ್ಲದಿದ್ದರೆ ಅದರಲ್ಲಿ ಉಪ್ಪು ಉಳಿದಿರುತ್ತದೆ.

ಎರಡನೆಯ ವಾರಕ್ಕೆ ಮಂಚದ ನಡು ತಗ್ಗಿತು. ಒದ್ದೆ ಕ್ರೇಟ್ ಒಂದೊಂದೂ 40 ಕಿಲೋಗೆ ಕಡಿಮೆಯಿಲ್ಲ, ಆರು ಸೇರಿದರೆ ಮೂವರು ದೊಡ್ಡವರ ಭಾರ. ಮನುಷ್ಯರು ಎದ್ದು ಹೋಗುತ್ತಾರೆ, ಕ್ರೇಟ್‌ಗಳು ಹಗಲೂ ರಾತ್ರಿ ಅಲ್ಲೇ ಇರುತ್ತವೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕ್ರೇಟ್‌ಗಳನ್ನು ಇಳಿಸಿ, ನಡುವಿನ ಪಟ್ಟಿಯ ಕೆಳಗೆ ಎರಡು ಕಡೆ ಸಿಮೆಂಟ್ ಬ್ಲಾಕ್ ಒತ್ತು ಕೊಟ್ಟೆವು. ಹಳೆ ಮಂಚ ಬಳಸುವವರು ಈ ಕೆಲಸವನ್ನು ಮಣ್ಣು ತುಂಬುವ ಮೊದಲೇ ಮಾಡಿಕೊಳ್ಳಿ.

ತಳಿಗಳ ಆಯ್ಕೆಗೆ ಬರುತ್ತೇನೆ. ಬಿಳಿ ದಂಟಿನವು ಎರಡು: ಫೋರ್ಡ್‌ಹುಕ್ ಜೈಂಟ್ ಮತ್ತು ಲುಕುಲಸ್. ಮೊದಲನೆಯದಕ್ಕೆ ಅಮೆರಿಕದ ಬರ್ಪಿ ಬೀಜದ ಕಂಪನಿಯ ಪೆನ್ಸಿಲ್ವೇನಿಯಾದ ತೋಟದ ಹೆಸರು; ಎರಡನೆಯದಕ್ಕೆ ಔತಣಗಳಿಗೆ ಪ್ರಸಿದ್ಧನಾಗಿದ್ದ ರೋಮಿನ ಸೇನಾಪತಿಯ ಹೆಸರು. ಕೆಂಪು ದಂಟಿನ ರೂಬಿ ರೆಡ್ ಒಂದು. ಹಳದಿ, ಕಿತ್ತಳೆ, ಗುಲಾಬಿ, ಬಿಳಿ, ಕೆಂಪು ಎಲ್ಲವೂ ಬೆರೆತ ಬ್ರೈಟ್ ಲೈಟ್ಸ್ ಒಂದು. ಇದು 1998ರಲ್ಲಿ, ಹೊಸ ತಳಿಗಳನ್ನು ಬೆಳೆಸಿ ಪರೀಕ್ಷಿಸುವ ಅಮೆರಿಕದ ಸಂಸ್ಥೆ ಆಲ್ ಅಮೆರಿಕ ಸೆಲೆಕ್ಷನ್ಸ್‌ನ ಮನ್ನಣೆ ಪಡೆದ ತಳಿ. ತೆಳು ದಂಟಿನ, ನಯವಾದ ಎಲೆಯ ಪರ್ಪೆಚುವಲ್ ಸ್ಪಿನಾಚ್ ಐದನೆಯದು. ಹೆಸರಿನಲ್ಲಿ ಸ್ಪಿನಾಚ್ ಇದ್ದರೂ ಇದೂ ಬೀಟಾ ಕುಲವೇ. ಆರನೆಯ ಕ್ರೇಟಿಗೆ, ತಾಳೆ ನೋಡಲು, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದಿರುವ ಅರ್ಕಾ ಅನುಪಮ ಪಾಲಕ್. ನಮ್ಮ ನೆಲದ ಗಿಡದ ಪಕ್ಕದಲ್ಲಿ ನಿಲ್ಲಿಸದೆ ಹೊರಗಿನ ತಳಿ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳುವುದು ಸರಿಯಲ್ಲ.

ಆಗಸ್ಟ್ 9. ಬೀಜಗಳನ್ನು ನೇರವಾಗಿ ಕ್ರೇಟ್‌ಗಳಿಗೆ ಹಾಕಿದೆ. ಬೀಜ ಎಂದು ನಾವು ಕರೆಯುವುದು ನಿಜಕ್ಕೂ ಒಂದೇ ಬೀಜವಲ್ಲ. ಅಂಗೈ ಮೇಲಿಟ್ಟು ನೋಡಿದರೆ ಮುಳ್ಳುಮುಳ್ಳಾದ, ಕಂದು ಬಣ್ಣದ ಸಣ್ಣ ಬೆಂಡಿನ ಉಂಡೆ. ಎರಡು ಮೂರು ಹೂವುಗಳು ಕಾಯಾಗುವಾಗ ಒಂದಕ್ಕೊಂದು ಅಂಟಿಕೊಂಡು ಆದದ್ದು. ಹಾಗಾಗಿ ಒಂದು ಉಂಡೆಯಿಂದ ಎರಡು, ಮೂರು, ಕೆಲವೊಮ್ಮೆ ನಾಲ್ಕು ಮೊಳಕೆಗಳು ಒಟ್ಟಿಗೆ ಏಳುತ್ತವೆ. ಆರನೆಯ ದಿನಕ್ಕೆ ಎಲ್ಲ ಕ್ರೇಟಿನಲ್ಲೂ ಮೊಳಕೆ ಕಂಡಿತು. ಆಮೇಲೆ ನಾಲ್ಕು ದಿನ ಬಿಡದೆ ಮಳೆ. ಹತ್ತನೆಯ ದಿನ ಬೆಳಗ್ಗೆ ನೋಡಿದರೆ ಸಸಿಗಳ ಬುಡ ದಾರದ ಹಾಗೆ ಸಣ್ಣಗಾಗಿ, ಎಲೆ ಇನ್ನೂ ಹಸಿರಿರುವಾಗಲೇ ಮಣ್ಣಿನ ಮೇಲೆ ಮಲಗಿದ್ದವು. ಬುಡ ಕೊಳೆಯುವ ರೋಗ. ಪಾಲಕ್ ಕ್ರೇಟಿನಲ್ಲಿ ಅರ್ಧ ಉಳಿಯಿತು, ಚಾರ್ಡ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೋದವು. ಬೀಜವನ್ನು ದಟ್ಟವಾಗಿ ಹಾಕಿದ್ದು ನನ್ನದೇ ತಪ್ಪು.

ಸೆಪ್ಟೆಂಬರ್ 14. ಎರಡನೆಯ ಸಲ ಪ್ರೋಟ್ರೇಯಲ್ಲಿ, ಅಂದರೆ ಸಣ್ಣ ಗುಣಿಗಳಿರುವ ಸಸಿ ತಟ್ಟೆಯಲ್ಲಿ ಬಿತ್ತಿ, ಮೆಟ್ಟಿಲು ಕೋಣೆಯ ಸಜ್ಜಾದ ಕೆಳಗೆ ಇಟ್ಟೆ. ಬೆಳಗಿನ ಬಿಸಿಲು ಬೀಳುತ್ತದೆ, ಮಳೆ ಬೀಳುವುದಿಲ್ಲ. ಉಂಡೆಗಳನ್ನು ಆರು ಗಂಟೆ ನೆನೆಸಿ ಹಾಕಿದೆ, ಒಂದು ಗುಣಿಗೆ ಒಂದೇ ಉಂಡೆ. ಈ ಹಂತದಲ್ಲಿ ಬೋರ್‌ವೆಲ್ ನೀರು ಬೇಡ. ಮಳೆ ನೀರು ಅಥವಾ ಕಾವೇರಿ ನೀರು ಕೊಡಿ. ಸಮುದ್ರತೀರದ ರಕ್ತ ಹರಿಯುತ್ತಿರುವುದರಿಂದ ಬೆಳೆದ ಗಿಡ ಉಪ್ಪಿನಂಶವನ್ನು ಸಹಿಸುತ್ತದೆ, ಬಕೆಟ್ಟಿನಲ್ಲಿ ಬಿಳಿ ಕರೆ ಕಟ್ಟುವ ನಮ್ಮ ಬೋರ್‌ವೆಲ್ ನೀರನ್ನೂ ತಡೆದುಕೊಂಡಿತು. ಆದರೆ ಮೊಳಕೆಗೆ ಆ ಶಕ್ತಿ ಇರುವುದಿಲ್ಲ.

ಬ್ರೈಟ್ ಲೈಟ್ಸ್ ಬೆಳೆಯುವವರಿಗೆ ಮೊದಲ ವಾರವೇ ಆಯ್ಕೆಯ ವಾರ. ಮೊಳಕೆಯ ಕಾಂಡ ದಾರದಷ್ಟು ತೆಳ್ಳಗಿರುವಾಗಲೇ ಬಣ್ಣ ತೋರಿಸಿಬಿಡುತ್ತದೆ: ಮುಂದೆ ಹಳದಿ ದಂಟಾಗುವುದು ಈಗಲೇ ಹಳದಿ, ಗುಲಾಬಿಯಾಗುವುದು ಈಗಲೇ ಗುಲಾಬಿ. ಬೇಕಾದ್ದಕ್ಕಿಂತ ಮೂರು ಪಟ್ಟು ಬಿತ್ತಿ, ಬಣ್ಣ ನೋಡಿ ಆರಿಸಿಕೊಂಡು, ಉಳಿದವನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸಬೇಕು. ಕಿತ್ತರೆ ಪಕ್ಕದ ಮೊಳಕೆಯ ಬೇರೂ ಅಲುಗುತ್ತದೆ. ಹಿಂದಿನ ವರ್ಷ ನಾನು ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರರಿಂದ ತರಿಸಿದ್ದ ‘ರೇನ್‌ಬೋ’ ಪೊಟ್ಟಣದಲ್ಲಿ ಇಪ್ಪತ್ತೆರಡು ಸಸಿಗಳಲ್ಲಿ ಇಪ್ಪತ್ತು ಕೆಂಪೇ ಬಂದಿದ್ದವು. ರೇನ್‌ಬೋ ಎಂಬುದು ತಳಿಯ ಹೆಸರಲ್ಲ, ಬೆರಕೆಯ ಹೆಸರು. ಬೆರೆಸುವವರ ಕೈಯಂತೆ ಪೊಟ್ಟಣ. ತಳಿಯ ಹೆಸರು ಸ್ಪಷ್ಟವಾಗಿ ಬರೆದಿರುವ, ಪರೀಕ್ಷೆಯ ತಿಂಗಳು ಮುದ್ರಿಸಿರುವ ಪೊಟ್ಟಣವನ್ನೇ ಕೊಳ್ಳಿ.

ಅಕ್ಟೋಬರ್ 8. ನಾಲ್ಕೈದು ಎಲೆ ಬಂದ ಸಸಿಗಳನ್ನು ಕ್ರೇಟಿಗೆ ನಾಟಿ ಮಾಡಿದೆ. ಒಂದು ಕ್ರೇಟಿಗೆ ನಾಲ್ಕು ಗಿಡ. ಫೋರ್ಡ್‌ಹುಕ್ ಹರಡಿಕೊಳ್ಳುವುದರಿಂದ ಮೂರೇ. ಪಾಲಕ್ ಮಾತ್ರ ಹನ್ನೆರಡು.

ಅಕ್ಟೋಬರ್‌ನ ಮಳೆ ತಳಿಗಳ ಗುಣವನ್ನು ಬಯಲು ಮಾಡಿತು. ಲುಕುಲಸ್ ಮತ್ತು ಫೋರ್ಡ್‌ಹುಕ್‌ನ ಎಲೆಗಳು ಸುಕ್ಕುಸುಕ್ಕು, ತೊಳೆದು ಹಿಂಡಿಟ್ಟ ಬಟ್ಟೆಯಂತೆ. ಆ ಸುಕ್ಕುಗಳಲ್ಲಿ ಮಳೆ ನೀರು ಮಧ್ಯಾಹ್ನದವರೆಗೂ ನಿಂತಿರುತ್ತಿತ್ತು. ತಿಂಗಳ ಕೊನೆಗೆ ಕೆಳಗಿನ ಎಲೆಗಳ ಮೇಲೆ ನಡುವೆ ಬೂದಿ, ಅಂಚಿನಲ್ಲಿ ನೇರಳೆ ಕೆಂಪಾಗಿರುವ ಗುಂಡನೆಯ ಚುಕ್ಕೆಗಳು ಬಂದವು. ಬೀಟ್‌ರೂಟ್ ಬೆಳೆಯುವವರಿಗೆ ಪರಿಚಿತವಾದ ಸರ್ಕೊಸ್ಪೊರ ಎಲೆಚುಕ್ಕೆ ರೋಗ. ಚುಕ್ಕೆ ಬಿದ್ದ ಎಲೆಗಳನ್ನೆಲ್ಲ ತೆಗೆದೆ, ಕ್ರೇಟ್‌ಗಳ ನಡುವೆ ಒಂದು ಗೇಣು ಗಾಳಿ ಆಡುವಂತೆ ಮಾಡಿದೆ, ನೀರನ್ನು ಬುಡಕ್ಕಷ್ಟೇ ಹಾಕತೊಡಗಿದೆ. ಅಷ್ಟಕ್ಕೇ ಹಿಡಿತಕ್ಕೆ ಬಂತು. ಪರ್ಪೆಚುವಲ್ ಸ್ಪಿನಾಚ್ ಮತ್ತು ಪಾಲಕ್‌ನ ನಯವಾದ ಎಲೆಯ ಮೇಲೆ ನೀರು ನಿಲ್ಲಲೇ ಇಲ್ಲ. ಚುಕ್ಕೆಯೂ ಅಲ್ಲೊಂದು ಇಲ್ಲೊಂದು. ಮಳೆಗಾಲಕ್ಕೇ ಬೆಳೆಯಬೇಕು ಎನ್ನುವವರಿಗೆ ನನ್ನ ಉತ್ತರ ನಯ ಎಲೆಯ ತಳಿ, ಇನ್ನೊಂದು ಮಾತಿಲ್ಲ.

ನವೆಂಬರ್ 9. ಮೊದಲ ಕೊಯ್ಲು. ಹೊರಗಿನ ದೊಡ್ಡ ಎಲೆಗಳನ್ನು ಬುಡದಲ್ಲಿ ಹಿಡಿದು, ಸ್ವಲ್ಪ ತಿರುಚಿ ಎಳೆದರೆ ಬರುತ್ತದೆ. ನಡುವಿನ ನಾಲ್ಕೈದು ಎಲೆ ಬಿಡಲೇಬೇಕು. ಆರು ಕ್ರೇಟಿನ ಸೊಪ್ಪನ್ನು ಬೇರೆಬೇರೆ ತಟ್ಟೆಗಳಲ್ಲಿಟ್ಟು ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದೆ. ಅತ್ತೆ ಬಂದು ಒಂದೊಂದು ದಂಟಿಗೂ ಉಗುರು ಒತ್ತಿದರು. ಫೋರ್ಡ್‌ಹುಕ್‌ನ ದಂಟು ಎರಡು ಬೆರಳಗಲ, ಹಾಲುಬಿಳಿ. ಮುರಿದರೆ ಸೌತೆಕಾಯಿಯಂತೆ ಸದ್ದು ಮಾಡಿ ತುಂಡಾಯಿತು, ಮುರಿದ ಕಡೆ ನೀರು ಜಿನುಗಿತು. ರೂಬಿಯ ದಂಟು ಮುರಿಯದೆ ಬಾಗಿತು. ಎಳೆದಾಗ ಹುರುಳಿಕಾಯಿಯಿಂದ ಬರುವಂಥ ನಾರು ಉದ್ದಕ್ಕೆ ಕಿತ್ತು ಬಂತು.

"ಇದು ನೋಡಲು ಕುಂಕುಮದ ಹಾಗಿದೆಯಮ್ಮ," ಎಂದರು ಅತ್ತೆ ರೂಬಿಯನ್ನು ಪಕ್ಕಕ್ಕಿಟ್ಟು. "ಹುಳಿಗೆ ಮಾತ್ರ ಆ ಬಿಳಿಯದನ್ನೇ ಹಾಕು. ದಂಟಿನ ಹುಳಿಗೆ ಅದು ಸರಿಹೋಗುತ್ತದೆ."

ಸರಿಯೇ ಹೋಯಿತು. ದಂಟನ್ನು ಬೆರಳುದ್ದ ಹೆಚ್ಚಿ, ತೊಗರಿಬೇಳೆಯ ಜೊತೆ ಹುಳಿ ಮಾಡಿದೆ. ನಮ್ಮ ದಂಟಿನ ಸೊಪ್ಪು, ಪಾಲಕ್, ಚಾರ್ಡ್ ಎಲ್ಲವೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಕುಟುಂಬದವು. ನಾಲಿಗೆಗೂ ಆ ನಂಟು ತಿಳಿಯಿತು. ಎಲೆ ಮತ್ತು ದಂಟು ಬೇಯುವ ಹೊತ್ತು ಬೇರೆಬೇರೆ. ದಂಟು ಐದಾರು ನಿಮಿಷ ಮುಂಚೆ ಒಲೆಗೆ ಹೋಗಬೇಕು, ಎಲೆಗೆ ಎರಡು ನಿಮಿಷ ಸಾಕು.

ಅಡುಗೆಯ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. ಅತ್ತೆಯ ತವರು ಚನ್ನಪಟ್ಟಣದ ಕಡೆ. ನಮ್ಮ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಬಸ್ಸಾರು ಆಗಲೇಬೇಕು. ಸೊಪ್ಪು ಕಾಳು ಬೇಯಿಸಿ, ಬಸಿದ ನೀರಿನಲ್ಲೇ ಸಾರು. ರೂಬಿಯನ್ನು ಹಾಕಿದ ದಿನ ಬಸಿದ ಕಟ್ಟು ಗುಲಾಬಿಯಾಗಿ, ಕುದಿಯುತ್ತಾ ಕಂದಿ ಇಟ್ಟಿಗೆ ನೀರಿನ ಬಣ್ಣಕ್ಕೆ ತಿರುಗಿತು. ಬೀಟ್‌ರೂಟ್‌ಗೂ ಕೆಂಪು ದಂಟಿಗೂ ಬಸಳೆ ಹಣ್ಣಿಗೂ ಬಣ್ಣ ಕೊಡುವ ಬೆಟಲೈನ್ ಎಂಬ ವಸ್ತುವೇ ಇಲ್ಲೂ ಇರುವುದು. ಅದು ನೀರಿನಲ್ಲಿ ಕರಗುತ್ತದೆ, ಕಾವಿಗೆ ಕೆಡುತ್ತದೆ. ಬಣ್ಣಕ್ಕಿಂತ ದೊಡ್ಡ ವಿಚಾರ ಆಕ್ಸಲೇಟ್, ಮೂತ್ರಪಿಂಡದಲ್ಲಿ ಕಲ್ಲು ಕಟ್ಟಲು ಕಾರಣವಾಗಬಲ್ಲ ವಸ್ತು. ಚಾರ್ಡ್‌ನಲ್ಲಿ ಪಾಲಕ್‌ನಂತೆಯೇ ಅದು ಹೆಚ್ಚು, ಬೇಯಿಸಿದಾಗ ಒಳ್ಳೆಯ ಪಾಲು ನೀರಿಗೆ ಇಳಿಯುತ್ತದೆ. ನಮ್ಮವರಿಗೆ ಮೂರು ವರ್ಷದ ಹಿಂದೆ ಮೂತ್ರಪಿಂಡದ ಕಲ್ಲಾಗಿತ್ತು. ಬಸಿದ ನೀರನ್ನೇ ಸಾರು ಮಾಡಿ ಬಡಿಸಿದರೆ ಬಿಡಬೇಕಾದ್ದನ್ನೇ ಉಣಿಸಿದಂತಾಗುತ್ತದೆ. ಈಗ ನಾನು ಚಾರ್ಡ್ ಎಲೆಯನ್ನು ಬೇರೆ ಪಾತ್ರೆಯಲ್ಲಿ ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿ, ಸೊಪ್ಪನ್ನು ಮಾತ್ರ ಪಲ್ಯಕ್ಕೆ ಸೇರಿಸುತ್ತೇನೆ. ಸಾರಿನ ಕಟ್ಟಿಗೆ ಕಾಳು ಬೆಂದ ನೀರು ಮಾತ್ರ. ಊಟದಲ್ಲಿ ಮೊಸರು ಇರಲಿ, ಅದರ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಕಟ್ಟಿಹಾಕುತ್ತದೆ. ರಕ್ತ ತೆಳುವಾಗಲು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಇದನ್ನು ತಿನ್ನಬೇಕು, ಇದರಲ್ಲಿ ವಿಟಮಿನ್ ಕೆ ಬಹಳ.

ಜನವರಿ 6. ಬ್ರೈಟ್ ಲೈಟ್ಸ್‌ನ ಎಲೆಗಳ ಮೇಲೆ ಯಾರೋ ಬಿಳಿ ಪೆನ್ಸಿಲ್‌ನಿಂದ ಗೀಚಿದಂತಿತ್ತು. ಒಂದು ಎಲೆಯನ್ನು ಕಿತ್ತು ಸೂರ್ಯನಿಗೆ ಅಡ್ಡ ಹಿಡಿದೆ. ಗೀರು ಒಂದು ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣದು, ಸುತ್ತಿ ಸುತ್ತಿ ಬಂದು ಇನ್ನೊಂದು ತುದಿಯಲ್ಲಿ ಅಗಲ. ಒಳಗೆ ಕಪ್ಪು ಚುಕ್ಕೆಗಳ ಸಾಲು, ಹುಳುವಿನ ಹಿಕ್ಕೆ. ಅಗಲವಾದ ತುದಿಯಲ್ಲಿ, ಎಲೆಯ ಎರಡು ಪೊರೆಗಳ ನಡುವೆ, ಸಾಸಿವೆಗಿಂತ ತುಸು ಉದ್ದದ ಹಳದಿ ಮರಿಹುಳು ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಾ ಮೇಯುತ್ತಿತ್ತು. ನಮ್ಮ ರೈತರು ಇದನ್ನು ರಂಗೋಲಿ ಹುಳು ಎನ್ನುತ್ತಾರೆ, ಅಷ್ಟು ಸರಿಯಾದ ಹೆಸರನ್ನು ನಾನು ಬೇರೆಲ್ಲೂ ಕೇಳಿಲ್ಲ. ಎಲೆಯ ಒಳಗಿರುವುದರಿಂದ ಮೇಲೆ ಸಿಂಪಡಿಸಿದ್ದು ಅದಕ್ಕೆ ಸುಲಭವಾಗಿ ತಾಗುವುದಿಲ್ಲ. ಗೀರು ಕಂಡ ಎಲೆಗಳನ್ನೆಲ್ಲ ಕಿತ್ತು, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಬಿಸಿಲಿಗಿಟ್ಟೆ. ಗೊಬ್ಬರದ ಗುಂಡಿಗೆ ಹಾಕಿದರೆ ಹುಳು ಮಣ್ಣಿಗಿಳಿದು ಕೋಶ ಕಟ್ಟಿ, ನೊಣವಾಗಿ ಮತ್ತೆ ಬರುತ್ತದೆ. ಹೊಸ ಮೊಟ್ಟೆ ಇಡದಂತೆ ವಾರಕ್ಕೊಮ್ಮೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಕೆಲವು ಹನಿ ಸೋಪು ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿದೆ. ಮೂರು ವಾರಕ್ಕೆ ಕಡಿಮೆಯಾಯಿತು. ತಳಿಗಳ ನಡುವೆ ಹುಳು ಹೆಚ್ಚು ಭೇದ ಮಾಡಲಿಲ್ಲ. ದಪ್ಪ ಎಲೆಯ ಫೋರ್ಡ್‌ಹುಕ್‌ನಲ್ಲಿ ಮಾತ್ರ ಗೀರುಗಳು ಸ್ವಲ್ಪ ಕಡಿಮೆ ಅನ್ನಿಸಿತು.

ಫೆಬ್ರವರಿಯಲ್ಲಿ ಪಾಲಕ್ ಹೂತೆನೆ ಎತ್ತಿತು. ಚಾರ್ಡ್‌ನ ಐದು ಕ್ರೇಟಿನಲ್ಲಿ ಒಂದೂ ಹೂವಿಗೆ ಹೋಗಲಿಲ್ಲ. ಇದು ಎರಡು ವರ್ಷದ ಗಿಡ; ಹೂ ಬಿಡಲು ಮೊದಲು ಹಲವು ವಾರಗಳ ಗಟ್ಟಿ ಚಳಿ ಬೇಕು, ಆಮೇಲೆ ಉದ್ದನೆಯ ಹಗಲು ಬೇಕು. ಬೆಂಗಳೂರಿನ ಜನವರಿಯ ರಾತ್ರಿಗಳು ಸಾಮಾನ್ಯವಾಗಿ 15–16 ಡಿಗ್ರಿಗೆ ನಿಲ್ಲುತ್ತವೆ, ವರ್ಷದ ಅತಿ ಉದ್ದದ ಹಗಲೂ 13 ಗಂಟೆಗಿಂತ ಕಡಿಮೆ. ಚಳಿ ದೇಶದ ತೋಟಗಾರರಿಗೆ ತಲೆನೋವಾಗಿರುವ ಹೂತೆನೆ ನಮಗೆ ಬರುವುದೇ ಅಪರೂಪ, ಒಂದೇ ಗಿಡದಿಂದ ತಿಂಗಳುಗಟ್ಟಲೆ ಎಲೆ ಕೀಳಬಹುದು. ಇದರ ಇನ್ನೊಂದು ಮಗ್ಗುಲೆಂದರೆ ಬೀಜ ಮನೆಯಲ್ಲಿ ಆಗುವುದಿಲ್ಲ, ಪ್ರತಿ ಸಲ ಕೊಳ್ಳಬೇಕು. ಸ್ವಂತ ಬೀಜ ಬೇಕೆನ್ನುವವರಿಗೆ ಪಾಲಕ್ಕೇ ಸರಿ. ಅದರ ಪಕ್ಕದಲ್ಲಿ ಬೀಟ್‌ರೂಟ್ ಹೂ ಬಿಟ್ಟಿದ್ದರೆ ಗಾಳಿಯಲ್ಲೇ ಪರಾಗ ಬೆರೆತು ತಳಿ ಕೆಡುತ್ತದೆ ಎಂಬುದನ್ನು ಮರೆಯಬಾರದು.

ಮಾರ್ಚ್ 10ಕ್ಕೆ ತಾರಸಿಯ ನೆಲ ಬರಿಗಾಲಿಗೆ ತಾಳದಾಯಿತು. ಮಧ್ಯಾಹ್ನ ಎರಡು ಗಂಟೆಗೆ ಎಲ್ಲ ಗಿಡಗಳೂ ಜೋಲು ಬಿದ್ದಿರುತ್ತಿದ್ದವು, ಸಂಜೆ ಆರಕ್ಕೆ ತಾವಾಗಿಯೇ ಎದ್ದು ನಿಲ್ಲುತ್ತಿದ್ದವು. ಜೋಲು ಬಿದ್ದಾಗಲೆಲ್ಲ ನೀರು ಸುರಿಯಬೇಡಿ. ಮಣ್ಣಿಗೆ ಬೆರಳು ಇಳಿಸಿ ನೋಡಿ, ಒಳಗೆ ತೇವವಿದ್ದರೆ ಸುಮ್ಮನಿರಿ. ಅರ್ಧ ನೆರಳಿನ ಬಲೆ ಕಟ್ಟಿದ ಮೇಲೆ ಫೋರ್ಡ್‌ಹುಕ್ ಮತ್ತು ಪರ್ಪೆಚುವಲ್ ಚೇತರಿಸಿಕೊಂಡವು. ಲುಕುಲಸ್‌ನ ಎಲೆ ಅಂಚು ಸುಟ್ಟಿತು. ರೂಬಿಯ ದಂಟಿಗೆ ಉಗುರೇ ಇಳಿಯಲಿಲ್ಲ.

ಕೊಯ್ದಾಗಲೆಲ್ಲ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೆ. ನವೆಂಬರ್‌ನಿಂದ ಮಾರ್ಚ್ ನಡುವಿನವರೆಗೆ ಫೋರ್ಡ್‌ಹುಕ್‌ನ ಮೂರೇ ಗಿಡ 4 ಕಿಲೋ 200 ಗ್ರಾಂ ಕೊಟ್ಟವು, ಅದರಲ್ಲಿ ಅರ್ಧದ ಹತ್ತಿರ ದಂಟು. ಪರ್ಪೆಚುವಲ್ 3 ಕಿಲೋ 600, ಬಹುಪಾಲು ಎಲೆಯೇ. ಲುಕುಲಸ್ ಮತ್ತು ಬ್ರೈಟ್ ಲೈಟ್ಸ್ ಮೂರು ಕಿಲೋ ಆಸುಪಾಸು. ರೂಬಿ ಎರಡು ಕಿಲೋ ದಾಟಲಿಲ್ಲ. ಅರ್ಕಾ ಅನುಪಮ ಹೂತೆನೆ ಎತ್ತುವ ಮೊದಲೇ 3 ಕಿಲೋ 100 ಕೊಟ್ಟಿತ್ತು. ಎಲೆ ಮಾತ್ರ ಬೇಕಾದವರಿಗೆ ಅದು ಸಾಕು ಎಂದೇ ನನ್ನ ಅಭಿಪ್ರಾಯ. ಹೊರಗಿನ ತಳಿಗೆ ಜಾಗ ಕೊಡುವುದಾದರೆ ಪಾಲಕ್ ಕೊಡಲಾಗದ ದಂಟಿಗಾಗಿ ಕೊಡಬೇಕು.

ರೂಬಿಯ ಗಿಡಗಳನ್ನು ಮೊನ್ನೆ ಕಿತ್ತೆ. ಬುಡದಲ್ಲಿ ಬೀಟ್‌ರೂಟ್ ಆಗಲು ಹೊರಟು ಅರ್ಧಕ್ಕೇ ನಿಂತಂಥ, ಕವಲೊಡೆದ ಗಡ್ಡೆ ಸಿಕ್ಕಿತು. ಮುಂದಿನ ಸೆಪ್ಟೆಂಬರ್‌ಗೆ ಆ ಕ್ರೇಟೂ ಲುಕುಲಸ್ ಕ್ರೇಟೂ ಫೋರ್ಡ್‌ಹುಕ್‌ಗೆ. ಪರ್ಪೆಚುವಲ್ ಮತ್ತು ಪಾಲಕ್ ಇದ್ದಲ್ಲೇ ಇರುತ್ತವೆ. ಬ್ರೈಟ್ ಲೈಟ್ಸ್ ಬಿಡಲು ನನಗೆ ಮನಸ್ಸು ಬರಲಿಲ್ಲ. ಬೆಳಗ್ಗೆ ಏಳೂವರೆಗೆ ಪಕ್ಕದ ಮನೆಯ ನೀರಿನ ಟ್ಯಾಂಕ್ ದಾಟಿ ಬಿಸಿಲು ಬಂದಾಗ ಆ ಹಳದಿ ದಂಟುಗಳು ಒಳಗಿನಿಂದ ದೀಪ ಹಚ್ಚಿಟ್ಟಂತೆ ಕಾಣುತ್ತವೆ, ಅತ್ತೆ ಕಾಫಿ ಲೋಟ ಹಿಡಿದು ಅಲ್ಲೇ ನಿಲ್ಲುತ್ತಾರೆ. ಈ ಸಲ ಹಳದಿ ಮೊಳಕೆಗಳನ್ನಷ್ಟೇ ಆರಿಸಿಡು ಎಂದು ಹೇಳಿದ್ದಾರೆ. ನಾಲ್ಕು ಹಳದಿ ಸಿಗಬೇಕಾದರೆ ಮೂವತ್ತು ಉಂಡೆಯಾದರೂ ಬಿತ್ತಬೇಕಾಗಬಹುದು; ಎರಡು ಪೊಟ್ಟಣ ತರಿಸಿಟ್ಟಿದ್ದೇನೆ.